ಹೊಟ್ಟೆನೋವಿನ ಸಾಲು

ಕೋವಿಡ್‌ನಿಂದ ಮುಚ್ಚಿದ್ದ 9 ಮತ್ತು 10ನೇ ತರಗತಿಗಳು 2021ರ ಆಗಸ್ಟ್ 23ರಂದು ಮತ್ತೆ ತೆರೆದಾಗ, ಹೊಸನಗರ ತಾಲ್ಲೂಕಿನ ವಸತಿ ಶಾಲೆಯೊಂದರ ಶುಶ್ರೂಷಕಿಯಾದ ನನಗೆ ಒಪ್ಪಿಸಿದ್ದ ಕೆಲಸ ಜ್ವರ ಹುಡುಕುವುದು. ಹಣೆಗೆ ಥರ್ಮಲ್ ಗನ್ ಹಿಡಿಯುವುದು, ಮೂಗಿನಿಂದ ಮಾಸ್ಕ್ ಜಾರಿದವರನ್ನು ಗದರುವುದು, ಇಷ್ಟರಲ್ಲೇ ಬೆಳಗು ಕಳೆಯುತ್ತಿತ್ತು. ಎರಡನೆಯ ವಾರ ರಿಜಿಸ್ಟರ್ ತಿರುವಿದರೆ ಜ್ವರದ ಸಾಲುಗಳಿಗಿಂತ ಹೊಟ್ಟೆನೋವಿನ ಸಾಲುಗಳೇ ಹೆಚ್ಚಿದ್ದವು. ಅವುಗಳಲ್ಲಿ ಒಬ್ಬಳೇ ಹುಡುಗಿಯ ಹೆಸರು ನಾಲ್ಕು ಸಲ ಇತ್ತು. ನಾಲ್ಕು ಸಲವೂ ನಾನು ಆಂಟಾಸಿಡ್ ಮಾತ್ರೆ ಕೊಟ್ಟು ತರಗತಿಗೆ ಅಟ್ಟಿದ್ದೆ.

ಐದನೆಯ ಸಲ ಅವಳು ಬಂದಾಗ ಹೊರಗೆ ಮಳೆ ಹೊಯ್ಯುತ್ತಿತ್ತು. "ಎಂತಾಯ್ತು ಕೂಸೇ?" ಎಂದರೆ ಉತ್ತರವಿಲ್ಲ. ಮೇಜಿನ ಮೇಲಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ತಾನೇ ಎತ್ತಿ ಬೆರಳಿಗೆ ಸಿಕ್ಕಿಸಿಕೊಂಡಳು. ಅಂಕಿ ಅತ್ತಿತ್ತ ಓಲಾಡಿ 98ಕ್ಕೆ ನಿಂತಿತು.

"ಅಪ್ಪಂಗೆ 82 ಇತ್ತು ಸಿಸ್ಟರ್," ಎಂದಳು.

ಮೇ ತಿಂಗಳಲ್ಲಿ, ಆಂಬುಲೆನ್ಸ್ ಘಟ್ಟದ ದಾರಿ ಹತ್ತಿ ಬರುವವರೆಗೆ, ಆ ಅಂಕಿ ನೋಡಿ ಹೇಳುವ ಕೆಲಸ ಮನೆಯಲ್ಲಿ ಇವಳದಾಗಿತ್ತಂತೆ. ಹೋದ ಅಪ್ಪ ವಾಪಸು ಬರಲಿಲ್ಲ.

ಸಮಾಧಾನದ ಮಾತು ಯಾವುದೂ ನನಗೆ ಹೊಳೆಯಲಿಲ್ಲ. ಹೊಳೆಯದಿದ್ದುದೇ ಒಳ್ಳೆಯದಾಯಿತೋ ಏನೋ, ಅವಳು ಬಹಳ ಹೊತ್ತು ಅತ್ತಳು. ತರಗತಿಯಲ್ಲಿ ಅತ್ತರೆ ಎಲ್ಲರೂ ತಿರುಗಿ ನೋಡುತ್ತಾರೆ. ಹೊಟ್ಟೆನೋವು ಎಂದರೆ ಯಾರೂ ಏನೂ ಕೇಳದೆ ನನ್ನ ಕೋಣೆಗೆ ಕಳಿಸುತ್ತಾರೆ. ಹಾಗೆಂದು ಆ ನೋವು ನೆಪವಾಗಿರಲಿಲ್ಲ. ದುಃಖ, ಭಯಗಳು ಮಕ್ಕಳ ಹೊಟ್ಟೆಯನ್ನು ನಿಜವಾಗಿಯೇ ಹಿಂಡುತ್ತವೆ. ತರಬೇತಿಯಲ್ಲಿ ಓದಿ ಅಂಕ ಪಡೆದಿದ್ದ ಈ ಸಂಗತಿ ನಾಲ್ಕು ಮಾತ್ರೆ ಕೊಡುವಾಗ ನನಗೆ ನೆನಪಾಗಿರಲಿಲ್ಲ.

ಆಕ್ಸಿಮೀಟರಿನ ಇನ್ನೊಂದು ಅಂಕಿ, ನಾಡಿಯದು, 118 ತೋರಿಸುತ್ತಿತ್ತು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತ ಅದನ್ನೇ ನೋಡುತ್ತಿರು ಎಂದೆ. ನಾನೂ ಜೊತೆಗೆ ಬಿಟ್ಟೆ. ಐದಾರು ನಿಮಿಷಗಳಲ್ಲಿ ಅದು 96ಕ್ಕೆ ಇಳಿದಾಗ ಅವಳು ಯಂತ್ರವನ್ನು ಬೆರಳಿನಿಂದ ತೆಗೆದಿಟ್ಟಳು.

ಮಧ್ಯಾಹ್ನ, ಅವಳು ಹೇಳಬಹುದೆಂದು ಒಪ್ಪಿದಷ್ಟನ್ನು ಮಾತ್ರ ತರಗತಿಯ ಶಿಕ್ಷಕಿಗೆ ತಿಳಿಸಿ, ಕೇಳಿದಾಗ ಕಾರಣ ಕೆದಕದೆ ಹೊರಗೆ ಬಿಡುವಂತೆ ವಿನಂತಿಸಿದೆ. ರಿಜಿಸ್ಟರಿನಲ್ಲಿ ಗೆರೆ ಎಳೆದು ನಿದ್ದೆಗೂ ಊಟಕ್ಕೂ ಎರಡು ಅಂಕಣ ಸೇರಿಸಿದೆ. ಮರುದಿನದಿಂದ ಹೊಟ್ಟೆನೋವೆಂದು ಬಂದವರನ್ನೆಲ್ಲ ಕೂರಿಸಿ ಅವೆರಡನ್ನೂ ಕೇಳತೊಡಗಿದೆ. ಸಂಜೆ ಅವಳ ತಾಯಿಗೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ವಿಷಯ ಹೇಳಿದೆ. ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ; ಆಮೇಲೆ, "ನಂಗೂ ರಾತ್ರಿ ನಿದ್ದೆ ಬರ್ತಿಲ್ಲ ಸಿಸ್ಟರ್," ಎಂದರು. ಮುಂದಿನ ಮಂಗಳವಾರ ಚೀಟಿಯನ್ನು ಇಬ್ಬರ ಹೆಸರಿನಲ್ಲೂ ಮಾಡಿಸಿದೆವು.