ಫ್ಯಾಕ್ಟರಿ ರೀಸೆಟ್‌ಗೆ ಕೈ ಹಾಕುವ ಮೊದಲು

ಆಂಡ್ರಾಯ್ಡ್ ಫೋನು ಹ್ಯಾಂಗ್ ಆಗುತ್ತದೆ, ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಬೆಳಿಗ್ಗೆ ಬರಬೇಕಾದ ಮೆಸೇಜು ಮಧ್ಯಾಹ್ನ ಬರುತ್ತದೆ. ಯಾರನ್ನು ಕೇಳಿದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಒಂದ್ಸಲ ರೀಸೆಟ್ ಹೊಡೆದುಬಿಡಿ.' ಹೊಡೆದರೆ ಎಷ್ಟೋ ಸಲ ಫೋನು ಸರಿಹೋಗುತ್ತದೆ, ನಿಜ. ಆದರೆ ಅದರ ಜೊತೆಗೆ ಬ್ಯಾಕಪ್ ಇಲ್ಲದ ಚಾಟು, ಫೋನಿನಲ್ಲಷ್ಟೇ ಇದ್ದ ನಂಬರುಗಳು, ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಎಲ್ಲವೂ ಹೋಗುತ್ತವೆ. ಬಹುಪಾಲು ತೊಂದರೆಗಳಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ತೊಂದರೆ ಒಂದೇ ಆ್ಯಪಿನದೋ, ಎಲ್ಲ ಆ್ಯಪುಗಳದೋ, ಸಿಮ್ಮಿನದೋ, ಚಾರ್ಜಿಂಗ್ ಪೋರ್ಟಿನದೋ ಎಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಸ್ಕ್ರೀನ್ ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್ ಅಲ್ಲ. ಪವರ್ ಮೆನುವಿನಲ್ಲಿ ರೀಸ್ಟಾರ್ಟ್ ಒತ್ತಬೇಕು. ಹಾಗೆಯೇ ತಾರೀಖು, ಗಂಟೆ ಸರಿಯಾಗಿದೆಯೇ ನೋಡಿ. ಬ್ಯಾಟರಿ ಪೂರ್ತಿ ಬರಿದಾಗಿ ಎದ್ದ ಹಳೆಯ ಫೋನುಗಳಲ್ಲಿ ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರು 'ಈ ಕನೆಕ್ಷನ್ ಸುರಕ್ಷಿತವಲ್ಲ' ಎನ್ನುತ್ತದೆ, ಬ್ಯಾಂಕ್ ಆ್ಯಪ್ ಲಾಗಿನ್ ಆಗುವುದಿಲ್ಲ. ಸರ್ವರು ತಾನು ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿಗೆ ಇಂತಿಷ್ಟು ದಿನಗಳ ಅವಧಿ ಇರುತ್ತದೆ, ಫೋನಿನ ತಾರೀಖು ಅದರ ಆಚೀಚೆ ಇದ್ದರೆ ಸಂಪರ್ಕ ಕೂಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಡೇಟ್ ಅಂಡ್ ಟೈಮ್ ತೆರೆದು ಆಟೊಮ್ಯಾಟಿಕ್ ಎಂದು ಇಟ್ಟರೆ ಸಾಕು.

ಒಂದೇ ಆ್ಯಪ್ ಕೈಕೊಡುತ್ತಿದ್ದರೆ ಅದರ ಐಕಾನನ್ನು ಒತ್ತಿ ಹಿಡಿದು ಆ್ಯಪ್ ಇನ್ಫೋ ತೆರೆಯಿರಿ. ಅಲ್ಲಿ ಸ್ಟೋರೇಜ್ ಒಳಗೆ ಎರಡು ಬಟನ್ ಪಕ್ಕಪಕ್ಕ ಕೂತಿರುತ್ತವೆ: ಕ್ಲಿಯರ್ ಕ್ಯಾಶ್ ಮತ್ತು ಕ್ಲಿಯರ್ ಡೇಟಾ. ಕೆಲವು ಫೋನುಗಳಲ್ಲಿ ಎರಡನೆಯದಕ್ಕೆ ಕ್ಲಿಯರ್ ಸ್ಟೋರೇಜ್ ಎಂದಿರುತ್ತದೆ. ಶಿಯೋಮಿ ಫೋನುಗಳಲ್ಲಿ ಕೆಳಗೆ ಒಂದೇ ಕ್ಲಿಯರ್ ಡೇಟಾ ಬಟನ್ ಕಾಣುತ್ತದೆ, ಒತ್ತಿದರೆ ಎರಡೂ ಆಯ್ಕೆ ಬರುತ್ತವೆ. ಅವಸರದಲ್ಲಿ ಕ್ಯಾಶ್ ಬದಲು ಡೇಟಾ ಒತ್ತಿದವರು ಬಹಳ. ಎರಡಕ್ಕೂ ಅಜಗಜಾಂತರ. ಕ್ಯಾಶ್ ಎಂದರೆ ಆ್ಯಪ್ ತನ್ನ ಅನುಕೂಲಕ್ಕೆ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು. ಅಳಿಸಿದರೆ ಏನೂ ನಷ್ಟವಿಲ್ಲ, ಬೇಕಾದ್ದನ್ನು ಅದು ಮತ್ತೆ ತಂದುಕೊಳ್ಳುತ್ತದೆ. ಡೇಟಾ ಎಂದರೆ ಲಾಗಿನ್, ಸೆಟ್ಟಿಂಗು, ಆ್ಯಪಿನ ಸ್ವಂತ ಡೇಟಾಬೇಸು. ಅದನ್ನು ಅಳಿಸಿದರೆ ಆ್ಯಪ್ ಈಗಷ್ಟೇ ಇನ್‌ಸ್ಟಾಲ್ ಮಾಡಿದ ಸ್ಥಿತಿಗೆ ಹೋಗುತ್ತದೆ. ಕ್ರೋಮಿನಲ್ಲೋ ಪ್ಲೇ ಸ್ಟೋರಿನಲ್ಲೋ ಇದರಿಂದ ದೊಡ್ಡ ನಷ್ಟವೇನಿಲ್ಲ. ವಾಟ್ಸಾಪಿನಲ್ಲಿ ಬ್ಯಾಕಪ್ ಇಲ್ಲದಿದ್ದರೆ ಚಾಟು ಹೋಯಿತು. ಲಾಗಿನ್ ಕೋಡು ಕೊಡುವ ಆಥೆಂಟಿಕೇಟರ್ ಆ್ಯಪಿನಲ್ಲಿ ಖಾತೆಗೆ ಸಿಂಕ್ ಮಾಡಿರದಿದ್ದರೆ ಕೋಡುಗಳೆಲ್ಲ ಹೋದವು, ಆಮೇಲೆ ಒಂದೊಂದು ಖಾತೆಯ ಬಾಗಿಲನ್ನೂ ಬೇರೆ ಬೇರೆಯಾಗಿ ತಟ್ಟಬೇಕು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಆ್ಯಪನ್ನು ಪೂರ್ತಿ ನಿಲ್ಲಿಸುವ ಫೋರ್ಸ್ ಸ್ಟಾಪ್, ಆಮೇಲೆ ಕ್ಯಾಶ್, ಆಮೇಲೆ ಅಪ್‌ಡೇಟ್, ಡೇಟಾ ಕೊನೆಗೆ, ಅದೂ ಬ್ಯಾಕಪ್ ಇದೆ ಎಂದು ಕಣ್ಣಾರೆ ನೋಡಿದ ಮೇಲೆ.

ಒಂದಲ್ಲ, ನಾಲ್ಕಾರು ಆ್ಯಪುಗಳು ಒಟ್ಟಿಗೆ ಬೀಳತೊಡಗಿದರೆ ಒಂದೊಂದನ್ನೇ ಬೈಯಬೇಡಿ. 2021ರ ಮಾರ್ಚ್‌ನಲ್ಲಿ ಜಿಮೇಲ್ ಸೇರಿದಂತೆ ಎಷ್ಟೋ ಆ್ಯಪುಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ದೋಷ ಇದ್ದದ್ದು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎಂಬ ಒಂದೇ ಘಟಕದಲ್ಲಿ. ಆ್ಯಪುಗಳ ಒಳಗೆ ವೆಬ್ ಪುಟ ತೋರಿಸುವ ಕೆಲಸ ಅದರದು. ಅದನ್ನೂ ಕ್ರೋಮನ್ನೂ ಅಪ್‌ಡೇಟ್ ಮಾಡಿದ ಮೇಲೆ ಎಲ್ಲ ಸರಿಹೋಯಿತು. ಆ ಹೊತ್ತಿಗೆ ರೀಸೆಟ್ ಹೊಡೆದವರು ಸುಮ್ಮನೆ ಕಳೆದುಕೊಂಡರು. ಇಂಥ ಲಕ್ಷಣ ಕಂಡರೆ ಇಂದಿಗೂ ಪ್ಲೇ ಸ್ಟೋರಿನಲ್ಲಿ ಈ ಎರಡರ ಅಪ್‌ಡೇಟನ್ನು ಮೊದಲು ನೋಡಿ.

ಅದೂ ಅಲ್ಲವಾದರೆ ಜಾಗ ನೋಡಿ. ಸ್ಟೋರೇಜ್ ತುಂಬಿದ ಫೋನಿನಲ್ಲಿ ಆ್ಯಪುಗಳಿಗೆ ತಮ್ಮ ಡೇಟಾಬೇಸಿಗೆ ಬರೆಯಲೂ ಜಾಗವಿರುವುದಿಲ್ಲ. ಬೀಳುತ್ತವೆ, ಅಪ್‌ಡೇಟು 'ಪೆಂಡಿಂಗ್' ಎಂದು ನಿಂತುಬಿಡುತ್ತದೆ. 64 ಜಿಬಿ ಫೋನಿನಲ್ಲಿ 6 ಜಿಬಿಯಾದರೂ ಖಾಲಿ ಇರಲಿ ಎನ್ನುವುದು ನಮ್ಮ ಲೆಕ್ಕ. 'ಇಷ್ಟೊಂದು ಫೋಟೊ ಅಳಿಸಿದೆ, ಜಾಗವೇ ಆಗಲಿಲ್ಲ' ಎನ್ನುವವರು ಟ್ರ್ಯಾಶ್ ನೋಡಿರುವುದಿಲ್ಲ. ಗೂಗಲ್ ಫೋಟೋಸಿನಲ್ಲಿ ಅಳಿಸಿದ ಚಿತ್ರ ಬ್ಯಾಕಪ್ ಆಗಿದ್ದರೆ 60 ದಿನ, ಆಗಿಲ್ಲದಿದ್ದರೆ 30 ದಿನ ಟ್ರ್ಯಾಶಿನಲ್ಲೇ ಇರುತ್ತದೆ. ಅದನ್ನು ಖಾಲಿ ಮಾಡಿದ ಮೇಲೆಯೇ ಜಾಗ ಸಿಗುವುದು. ಇನ್ನು ವಾಟ್ಸಾಪ್: ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳೂ ಹಲವು ಬಾರಿ ಫಾರ್ವರ್ಡ್ ಆದವೂ ಬೇರೆ ಬೇರೆ ಗುಂಪಾಗಿ ಸಿಗುತ್ತವೆ. ಎರಡನೆಯ ಗುಂಪು ತೆರೆದರೆ ಶುಭೋದಯದ ಹೂಗಳು, ದೇವರ ಪಟಗಳು, ಒಂದೇ ವಿಡಿಯೊದ ನಾಲ್ಕು ಪ್ರತಿಗಳು ಸಾಲಾಗಿ ಕಾಣುತ್ತವೆ. ಎಲ್ಲವನ್ನೂ ಒಟ್ಟಿಗೆ ಆಯ್ದು ಅಳಿಸಬಹುದು. ಅದೇ ಪುಟದ ಹಿಂದೆ ಮೀಡಿಯಾ ಆಟೊ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ವಿಡಿಯೊದ ಟಿಕ್ಕು ತೆಗೆದರೆ ಮುಂದಿನ ತಿಂಗಳು ಇದೇ ಪಾಡು ಬರುವುದಿಲ್ಲ. ಕ್ಲೀನರ್, ಬೂಸ್ಟರ್ ಹೆಸರಿನ ಆ್ಯಪುಗಳು ಬೇಡವೇ ಬೇಡ; ಅವು ಮಾಡುವ ಕೆಲಸವನ್ನು ಫೋನೇ ಮಾಡುತ್ತದೆ, ಜಾಹೀರಾತು ಮಾತ್ರ ಹೆಚ್ಚಾಗುತ್ತದೆ.

ಈಗ ತಡವಾಗಿ ಬರುವ ಮೆಸೇಜಿನ ಮಾತು. ಇದನ್ನು ನೆಟ್‌ವರ್ಕಿನ ತೊಂದರೆ ಎಂದುಕೊಂಡು ಸಿಮ್ ಬದಲಿಸಿದವರೂ ಇದ್ದಾರೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಆ್ಯಪ್ ತೆರೆದ ಕ್ಷಣ ಎಲ್ಲ ಮೆಸೇಜುಗಳೂ ಒಟ್ಟಿಗೆ ಸುರಿದರೆ, ಅಥವಾ ಚಾರ್ಜಿಗೆ ಹಾಕಿದಾಗ ಸರಿಯಾಗಿ ಬಂದು ತೆಗೆದ ಮೇಲೆ ತಡವಾದರೆ, ನೆಟ್‌ವರ್ಕು ಚೆನ್ನಾಗಿಯೇ ಇದೆ; ಬ್ಯಾಟರಿ ಉಳಿಸಲು ಫೋನೇ ಆ ಆ್ಯಪನ್ನು ಮಲಗಿಸುತ್ತಿದೆ. ಆಂಡ್ರಾಯ್ಡ್ 6ರಲ್ಲಿ, 2015ರಲ್ಲಿ, ಡೋಜ್ ಎಂಬ ವ್ಯವಸ್ಥೆ ಬಂತು. ಚಾರ್ಜಿನಲ್ಲಿಲ್ಲದ ಫೋನು ಸ್ಕ್ರೀನ್ ಆಫ್ ಆಗಿ ಅಲುಗಾಡದೆ ಬಿದ್ದಿದ್ದರೆ ಆ್ಯಪುಗಳ ಹಿನ್ನೆಲೆಯ ಕೆಲಸವನ್ನು ತಡೆದು, ಆಗೀಗ ಸ್ವಲ್ಪ ಹೊತ್ತು ಬಿಡುತ್ತದೆ. ತುರ್ತು ಎಂದು ಗುರುತು ಹಾಕಿ ಬರುವ ಮೆಸೇಜುಗಳಿಗೆ ಡೋಜ್ ದಾರಿ ಬಿಡುತ್ತದೆ, ಹಾಗಾಗಿ ಅದೊಂದೇ ಇದ್ದರೆ ಚಾಟಿಗೆ ತೊಂದರೆಯಿಲ್ಲ. ಅದರ ಮೇಲೆ ಒಂದೊಂದು ಕಂಪನಿ ತನ್ನದೇ ಇನ್ನೊಂದು ಕಟ್ಟುಪಾಡು ಹಾಕಿರುತ್ತದೆ. ತೊಂದರೆ ಹೆಚ್ಚಾಗಿ ಅಲ್ಲಿ.

ಆಂಡ್ರಾಯ್ಡ್ 12 ಮತ್ತು ಅದರ ಮುಂದಿನವುಗಳಲ್ಲಿ ಆ್ಯಪ್ ಇನ್ಫೋ ಒಳಗೆ ಬ್ಯಾಟರಿ ತೆರೆದರೆ ಅನ್‌ರಿಸ್ಟ್ರಿಕ್ಟೆಡ್, ಆಪ್ಟಿಮೈಸ್ಡ್, ರಿಸ್ಟ್ರಿಕ್ಟೆಡ್ ಎಂದು ಮೂರು ಇರುತ್ತವೆ. ಮೆಸೇಜು ಸರಿಯಾದ ಹೊತ್ತಿಗೆ ಬರಲೇಬೇಕಾದ ಆ್ಯಪಿಗೆ ಮೊದಲನೆಯದು. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಸೆಟ್ಟಿಂಗಿನ ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್ ಒಳಗೆ ಸ್ಲೀಪಿಂಗ್, ಡೀಪ್ ಸ್ಲೀಪಿಂಗ್ ಎಂಬ ಎರಡು ಪಟ್ಟಿ ಇವೆ. ನಿಮ್ಮ ಆ್ಯಪ್ ಅದರಲ್ಲಿದ್ದರೆ ತೆಗೆದು ಎಂದೂ ಮಲಗದವುಗಳ ಪಟ್ಟಿಗೆ ಸೇರಿಸಿ. ಶಿಯೋಮಿ, ವಿವೊ ಫೋನುಗಳಲ್ಲಿ ಆ್ಯಪ್ ತಾನಾಗಿ ಏಳಲು ಬಿಡುವ ಆಟೊಸ್ಟಾರ್ಟ್ ಎಂಬುದನ್ನೂ ಆನ್ ಮಾಡಬೇಕು. ಎಲ್ಲ ಆ್ಯಪುಗಳಿಗೂ ಹೀಗೆ ಮಾಡಿದರೆ ಸಂಜೆಗೆ ಮೊದಲೇ ಬ್ಯಾಟರಿ ಖಾಲಿ. ಮೂರು ನಾಲ್ಕಕ್ಕೆ ಸಾಕು. ಫೋರ್ಸ್ ಸ್ಟಾಪ್ ಒತ್ತಿದ ಆ್ಯಪಿಗೆ ಅದನ್ನು ಮತ್ತೆ ತೆರೆಯುವವರೆಗೆ ಯಾವ ನೋಟಿಫಿಕೇಶನ್ನೂ ಬರುವುದಿಲ್ಲ ಎನ್ನುವುದೂ ನೆನಪಿರಲಿ. ಹೊಸ ಆ್ಯಪಿನಿಂದ ಒಂದೂ ನೋಟಿಫಿಕೇಶನ್ ಬಾರದಿದ್ದರೆ ಕಾರಣ ಬೇರೆ: ಆಂಡ್ರಾಯ್ಡ್ 13ರಿಂದ ಆ್ಯಪುಗಳು ಮೊದಲೇ ಅನುಮತಿ ಕೇಳಬೇಕು. ಅಂದು ಬೇಡ ಎಂದು ಒತ್ತಿದ್ದರೆ ಅದು ಹಾಗೇ ಉಳಿದಿರುತ್ತದೆ.

ಯುಪಿಐ ಆ್ಯಪ್ ನಂಬರ್ ವೆರಿಫೈ ಮಾಡುವಾಗ ನಿಂತರೆ ಆ್ಯಪನ್ನು ತೆಗೆದು ಹಾಕುವ ಮೊದಲು ಅದೇ ಸಿಮ್ಮಿನಿಂದ ಮನೆಯವರಿಗೊಂದು ಎಸ್ಸೆಮ್ಮೆಸ್ ಕಳಿಸಿ ನೋಡಿ. ನೋಂದಣಿಗೆ ನಿಮ್ಮ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ರೀಚಾರ್ಜ್ ಮುಗಿದಿದ್ದರೆ ಅದು ಹೋಗುವುದಿಲ್ಲ. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಿಂದಲೇ ಹೋಗಬೇಕು. ಹೊಸದಾಗಿ ಸಿಮ್ ಬದಲಿಸಿಕೊಂಡಿದ್ದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತದೆ, ಅದು ವಂಚನೆ ತಡೆಯಲೆಂದೇ ಮಾಡಿದ ನಿಯಮ, ಕಾಯುವುದೊಂದೇ ದಾರಿ. ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಹಾಯಿಸುವ ವ್ಯವಸ್ಥೆ) ಆನ್ ಇದ್ದರೆ, ಆ್ಯಪ್ ತಯಾರಿಸುವವರಿಗೆಂದು ಇರುವ ಡೆವಲಪರ್ ಆಪ್ಶನ್ಸ್ ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪುಗಳು ಕೆಲಸ ಮಾಡಲು ಒಪ್ಪುವುದಿಲ್ಲ, ಎರಡನ್ನೂ ಆಫ್ ಮಾಡಿ. ಎಸ್ಸೆಮ್ಮೆಸ್ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡಬೇಕು: ಕನ್ನಡದಲ್ಲಿ ಬರೆದ ಎಸ್ಸೆಮ್ಮೆಸ್ ಒಂದಕ್ಕೆ ಮಿತಿ 70 ಅಕ್ಷರ, ಇಂಗ್ಲಿಷಿನಲ್ಲಿ 160. ಮೀರಿದರೆ ಒಂದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಎಂದು ಲೆಕ್ಕ. ನಮ್ಮ ಗುಣಿತ, ಒತ್ತುಗಳೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ: 'ಶ್ರೀ' ಎಂದರೆ ನಾಲ್ಕು, 'ಬೆಂಗಳೂರು' ಎಂದರೆ ಎಂಟು. ದಿನದ ಎಸ್ಸೆಮ್ಮೆಸ್ ಬೇಗ ಮುಗಿಯುತ್ತಿದೆ ಎನ್ನುವ ಕನ್ನಡಿಗರಿಗೆ ಕಾರಣ ಇದು.

ಕರೆ ಹೋಗುತ್ತದೆ, ಡೇಟಾ ಮಾತ್ರ ಓಡುತ್ತಿಲ್ಲ ಎಂದರೆ ಏರೋಪ್ಲೇನ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಮೇಲೂ ಇಲ್ಲವಾದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಎಪಿಎನ್ (ಸಿಮ್ ಕಂಪನಿಯ ಇಂಟರ್ನೆಟ್ ದಾರಿಯ ಹೆಸರು) ನೋಡಿ: ಜಿಯೊಗೆ 'ಜಿಯೊನೆಟ್', ಬಿಎಸ್ಸೆನ್ನೆಲ್‌ಗೆ 'ಬಿಎಸ್ಸೆನ್ನೆಲ್‌ನೆಟ್', ಎರಡನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಜಾಗ ಬಿಡದೆ ಬರೆಯಬೇಕು. ನೆಟ್‌ವರ್ಕ್ ರೀಸೆಟ್ ಮಾಡಿದರೆ ಫೋಟೊ, ಚಾಟಿಗೆ ಏನೂ ಆಗದು, ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೂ ಬ್ಲೂಟೂತ್ ಜೋಡಣೆಗಳೂ ಹೋಗುತ್ತವೆ.

ಚಾರ್ಜ್ ನಿಧಾನವಾದರೆ, ಕೇಬಲ್ ಅಲುಗಾಡಿಸಿದಾಗ ಮಾತ್ರ ಚಾರ್ಜ್ ಆದರೆ, ಬೇರೆ ಕೇಬಲ್ ಹಾಕಿ ನೋಡಿ. ಅದರಲ್ಲೂ ಹಾಗೇ ಆದರೆ ಟಾರ್ಚ್ ಹಿಡಿದು ಪೋರ್ಟಿನೊಳಗೆ ಇಣುಕಿ. ಜೇಬಿನ ಬಟ್ಟೆಯ ನಾರು, ದೂಳು ಸೇರಿ, ಪ್ರತಿಸಲ ಕೇಬಲ್ ಚುಚ್ಚಿದಾಗಲೂ ಒತ್ತಿಕೊಂಡು, ಒಳಗೋಡೆಗೆ ಬೂದು ಬಣ್ಣದ ಬಿರಡೆಯ ಹಾಗೆ ಅಂಟಿರುತ್ತದೆ. ಪ್ಲಗ್ಗು ಪೂರ್ತಿ ಒಳಗೆ ಹೋಗದೆ ಒಂದು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ, ಟಕ್ ಎಂದು ಕೂರುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಒಳಗಿನ ಗೋಡೆಗುಂಟ ಮೆಲ್ಲಗೆ ಕೆರೆದು ಹೊರಗೆಳೆಯಿರಿ. ಟೈಪ್ ಸಿ ಪೋರ್ಟಿನ ನಡುವೆ ನಾಲಿಗೆಯಂಥ ತೆಳು ಪಟ್ಟಿ ಇದೆ, ಅದರ ಮೇಲೆ ಭಾರ ಬೀಳಬಾರದು. ಸೂಜಿ, ಪಿನ್ನು ಹಾಕಲೇಬೇಡಿ. ಮಳೆಯಲ್ಲಿ ನೆಂದ ಪೋರ್ಟನ್ನು ಕೆಳಮುಖ ಮಾಡಿ ಕೊಡವಿ ಫ್ಯಾನ್ ಗಾಳಿಗಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅಕ್ಕಿಯ ಹಿಟ್ಟು ಒಳಸೇರುತ್ತದೆ ಅಷ್ಟೆ. ಫೋನಿನ ಬೆನ್ನು ಉಬ್ಬಿದ್ದರೆ ಇದ್ಯಾವುದೂ ಬೇಡ: ಚಾರ್ಜ್ ನಿಲ್ಲಿಸಿ, ಒತ್ತದೆ, ಚುಚ್ಚದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಸುಮ್ಮನಿದ್ದ ಫೋನಿನ ಮೇಲೆ ಇದ್ದಕ್ಕಿದ್ದಂತೆ ಜಾಹೀರಾತು ಹರಡಿಕೊಂಡರೆ ಗಾಬರಿಯಿಂದ ಅದನ್ನು ಮುಚ್ಚಬೇಡಿ. ಅದು ಪರದೆಯ ಮೇಲಿರುವಾಗಲೇ ಈಚೆಗೆ ತೆರೆದ ಆ್ಯಪುಗಳನ್ನು ತೋರಿಸುವ ರೀಸೆಂಟ್ಸ್ ಬಟನ್ ಒತ್ತಿ. ಬಹಳ ಸಲ ಯಾವ ಆ್ಯಪಿನ ಐಕಾನ್ ಎಂಬುದು ಅಲ್ಲೇ ಸಿಕ್ಕಿಬೀಳುತ್ತದೆ. ನೋಟಿಫಿಕೇಶನ್ನಾಗಿ ಬಂದರೆ ಅದನ್ನು ಒತ್ತಿ ಹಿಡಿಯಿರಿ, ಕಳಿಸಿದವರ ಹೆಸರು ಬರುತ್ತದೆ. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎನ್ನುವವು ಎಷ್ಟೋ ಸಲ ಕ್ರೋಮಿನ ಮೂಲಕ, ಹಿಂದೆಂದೋ ಅಲೋ ಒತ್ತಿದ ಯಾವುದೋ ಸೈಟಿನಿಂದ ಬರುತ್ತಿರುತ್ತವೆ. ಕ್ರೋಮಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಒಳಗೆ ಆ ಸೈಟನ್ನು ತೆಗೆದರೆ ಮುಗಿಯಿತು. ಕಳ್ಳ ಸಿಗದಿದ್ದರೆ ಸೇಫ್ ಮೋಡ್: ಬಹಳಷ್ಟು ಫೋನುಗಳಲ್ಲಿ ಪವರ್ ಮೆನುವಿನ ಪವರ್ ಆಫನ್ನು ಒತ್ತಿ ಹಿಡಿದರೆ ಕೇಳುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪುಗಳು ಯಾವುವೂ ಓಡುವುದಿಲ್ಲ. ಅಲ್ಲಿ ಜಾಹೀರಾತು ನಿಂತರೆ ಈಚೆಗೆ ಹಾಕಿದ ಆ್ಯಪುಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿ.

ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು (ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಫೈಲು) ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮಾತ್ರ ಮೇಲಿನ ನಿಧಾನ ಬೇಡ. ಆ ಕ್ಷಣವೇ ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯೇ ನೋಡಿ. ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಸಿ. ಹಣ ಹೋಗಿದ್ದರೆ 1930ಕ್ಕೆ ದೂರು ಕೊಡಿ. ಈ ಒಂದು ಸಂದರ್ಭದಲ್ಲಿ ಫ್ಯಾಕ್ಟರಿ ರೀಸೆಟ್ಟೇ ಸರಿ, ಯಾಕೆಂದರೆ ಆ ಆ್ಯಪ್ ಎಸ್ಸೆಮ್ಮೆಸ್ ಓದುವ, ಪರದೆ ನೋಡುವ ಅನುಮತಿ ಪಡೆದು ಐಕಾನ್ ಅಡಗಿಸಿಕೊಂಡಿರಬಹುದು.

ಯಾವ ಕಾರಣಕ್ಕೇ ಆಗಲಿ, ರೀಸೆಟ್‌ಗೆ ಮೊದಲು ಫೋನಿನಲ್ಲಿರುವ ಗೂಗಲ್ ಖಾತೆಯ ಐಡಿ, ಪಾಸ್‌ವರ್ಡ್ ಗೊತ್ತಿದೆಯೇ ಎಂದು ಬೇರೊಂದು ಸಾಧನದಲ್ಲಿ ಲಾಗಿನ್ ಆಗಿ ನೋಡಿ. ಆಂಡ್ರಾಯ್ಡ್ 5.1ರಿಂದ, ಸೆಟ್ಟಿಂಗ್ಸಿನಿಂದಲ್ಲದೆ ಬಟನ್ ಒತ್ತಿ ತೆರೆಯುವ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದ ಫೋನು ಹಳೆಯ ಖಾತೆಯನ್ನೇ ಕೇಳುತ್ತದೆ, ಇಲ್ಲವಾದರೆ ತೆರೆಯುವುದಿಲ್ಲ. ಕಾಂಟ್ಯಾಕ್ಟುಗಳನ್ನು ಎಕ್ಸ್‌ಪೋರ್ಟ್ ಮಾಡಿ, ಮೆಮರಿ ಕಾರ್ಡ್ ಹೊರತೆಗೆಯಿರಿ. ವಾಟ್ಸಾಪಿನ ಚಾಟ್ ಬ್ಯಾಕಪ್ ಪುಟದಲ್ಲಿ ಇವತ್ತಿನ ತಾರೀಖು ಕಾಣಬೇಕು. ಆಮೇಲೆ ವಾಟ್ಸಾಪ್ ಮತ್ತೆ ಹಾಕುವಾಗ ಅದೇ ನಂಬರು, ಅದೇ ಗೂಗಲ್ ಖಾತೆ ಇರಲಿ. ನಂಬರ್ ವೆರಿಫೈ ಆದ ಕೂಡಲೇ ಅದು ರಿಸ್ಟೋರ್ ಮಾಡಲೇ ಎಂದು ಕೇಳುತ್ತದೆ. ಅಲ್ಲಿ ಅವಸರಕ್ಕೆ ಸ್ಕಿಪ್ ಒತ್ತಿದ್ದರೆ, ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುವ ಮೊದಲೇ ಆ್ಯಪನ್ನು ತೆಗೆದು ಮತ್ತೆ ಹಾಕಿ.