ಸ್ಟೀಲ್ ಹಾರ್ಡ್‌ಟೇಲ್ ಫ್ರೇಮ್: ಅಂತೂ ತೀರ್ಮಾನ ಆಯ್ತು

14 ಜುಲೈ 2024, ಭಾನುವಾರ
ಬೆಂಗಳೂರು

ನನ್ನ ಮೌಂಟನ್ ಬೈಕಿಗೆ ಹೊಸ ಫ್ರೇಮ್ ಯಾವುದು ಅನ್ನೋ ವಿಷ್ಯ ಇವತ್ತಿಗೆ ಮುಗೀತು. ಅಮೆರಿಕದ ಸರ್ಲಿ ಕಂಪನಿಯ ಕರಾಟೆ ಮಂಕಿ, ಚಿಕ್ಕ ಸೈಜು. ಬೆಳಿಗ್ಗೆ ಅಂಗಡಿಯವರಿಗೆ ಫೋನ್ ಮಾಡಿ ತರಿಸಿಕೊಡಿ ಅಂತ ಹೇಳಿ ಆಯ್ತು, ಅಡ್ವಾನ್ಸೂ ಹಾಕಿ ಆಯ್ತು. ಇದೇ ಯಾಕೆ, ಬೇರೆದು ಯಾಕಲ್ಲ ಅಂತ ತಲೇಲಿ ಇರೋದನ್ನೆಲ್ಲ ಇಲ್ಲಿ ಬರೆದಿಡ್ತೀನಿ, ನನ್ನ ತರ ಕುಳ್ಳಗಿರೋರು ಯಾರಾದ್ರೂ ಸ್ಟೀಲ್ ಫ್ರೇಮ್ ಹುಡುಕ್ತಾ ಇದ್ರೆ ಉಪಯೋಗಕ್ಕೆ ಬರ್ಲಿ.

ಈಗಿರೋದು ಅಲ್ಯೂಮಿನಿಯಂ ಹಾರ್ಡ್‌ಟೇಲ್. ಹಾರ್ಡ್‌ಟೇಲ್ ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಬೈಕು. 29 ಇಂಚಿನ ಚಕ್ರ, ಮುಂದೆ 120 ಮಿ.ಮೀ. ಕುಗ್ಗೋ ಫೋರ್ಕ್, ಹಿಂದೆ 142 ಮಿ.ಮೀ. ಅಗಲದ ಹಬ್ (ಚಕ್ರದ ನಡುಭಾಗ). ಫೋರ್ಕು, ಚಕ್ರ, ಬ್ರೇಕು ಎಲ್ಲ ಚೆನ್ನಾಗೇ ಇವೆ, ಫ್ರೇಮ್ ಮಾತ್ರ ನನಗೆ ಉದ್ದ. ನಾನು ಐದಡಿ ಮೂರಿಂಚು. ತುರಹಳ್ಳಿ ಕಡೆ ಬಂಡೆ ಮೇಲಿಂದ ಇಳಿಯುವಾಗ ಕೈ ಪೂರ್ತಿ ಚಾಚಿಕೊಂಡಿರುತ್ತೆ, ತಿರುವಲ್ಲಿ ಮುಂದಿನ ಚಕ್ರದ ಮೇಲೆ ಭಾರ ಹಾಕೋಕೆ ಆಗಲ್ಲ, ಇಳಿದು ನಿಂತ್ರೆ ಟಾಪ್ ಟ್ಯೂಬ್, ಅಂದ್ರೆ ಫ್ರೇಮಿನ ಮೇಲಿನ ಪೈಪು, ತಾಗುತ್ತೆ. ಹಾಗಾಗಿ ಬೇಕಾಗಿದ್ದು ಬರೀ ಫ್ರೇಮ್, ಮಿಕ್ಕಿದ್ದೆಲ್ಲ ಹಳೇದರಿಂದ ಬಿಚ್ಚಿ ಹಾಕ್ಕೊಳೋದು. ಈ ಒಂದು ವಿಷ್ಯಾನೇ ಕೊನೇಲಿ ಎಲ್ಲಾನೂ ತೀರ್ಮಾನ ಮಾಡ್ತು.

ಸ್ಟೀಲೇ ಯಾಕೆ ಅಂತ ಕೇಳ್ದೋರೇ ಜಾಸ್ತಿ. ಸ್ಟೀಲ್ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, ಸ್ಪ್ರಿಂಗ್ ತರ ಇರುತ್ತೆ, ಮೈಕೈ ನೋಯಲ್ಲ ಅಂತ. ಅಪ್ಪ ಭದ್ರಾವತಿಯಿಂದ ಬಂದು ಇಲ್ಲೇ ಇದಾರೆ. 1923ರಲ್ಲಿ ಶುರುವಾದ ಆ ಕಬ್ಬಿಣದ ಕಾರ್ಖಾನೇಲೇ ಅವರ ಸರ್ವೀಸೆಲ್ಲ ಕಳೀತು, ಅಲಾಯ್ ಸ್ಟೀಲ್ ಅಂದ್ರೆ ಅವರಿಗೆ ಊಟ ತಿಂಡಿ ಎರಡೂ ಬೇಡ. ರಾತ್ರಿ ಲ್ಯಾಪ್‌ಟಾಪಲ್ಲಿ ಫ್ರೇಮಿಗೆ ಸ್ಟೀಲ್ ಪೈಪ್ ಮಾಡೋ ರೆನಾಲ್ಡ್ಸ್ ಕಂಪನಿಯ ಟ್ಯೂಬ್‌ಗಳ ಪಟ್ಟಿ ತೋರಿಸ್ದೆ, 520, 853 ಅನ್ನೋವು ಅದರಲ್ಲಿರೋ ಸ್ಟೀಲ್ ತರಗಳು. ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದಿದ್ರು, ಆಮೇಲೆ ಅಂದ್ರು, "ಪುಟ್ಟಿ, ಗಟ್ಟಿತನ ಬೇರೆ, ಬಿಗಿತನ ಬೇರೆ. 520 ಆಗ್ಲಿ 853 ಆಗ್ಲಿ, ಒಂದೇ ಅಳತೆ ಪೈಪ್ ಆದ್ರೆ ಒಂದೇ ತರ ಬಗ್ಗುತ್ತೆ. ಮುರಿಯೋದು ಯಾವಾಗ ಅನ್ನೋದ್ರಲ್ಲಿ ಮಾತ್ರ ವ್ಯತ್ಯಾಸ."

ಇದನ್ನ ಬಿಡಿಸಿ ಹೇಳ್ಬೇಕು, ಯಾಕಂದ್ರೆ ದುಡ್ಡೆಲ್ಲ ಹೋಗೋದು ಇಲ್ಲೇ. ರೆನಾಲ್ಡ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಂಪನಿ, ತುದೀಲಿ ದಪ್ಪ ನಡುವೆ ತೆಳು ಇರೋ ಬಟ್ಟೆಡ್ ಟ್ಯೂಬಿನ ಪೇಟೆಂಟ್ ಅವರದೇ, 1897ರದು. ವೆಲ್ಡ್ ಬೀಳೋ ತುದೀಲಿ ಶಾಖಕ್ಕೂ ಒತ್ತಡಕ್ಕೂ ದಪ್ಪ ಬೇಕು, ನಡುವೆ ಅಷ್ಟು ಬೇಡ, ಅದಕ್ಕೆ 0.8, 0.5, 0.8 ಮಿ.ಮೀ. ಅಂತೆಲ್ಲ ಅಳತೆ ಇರುತ್ತೆ. ಅವರ 520, ಅಂದ್ರೆ ಹೆಚ್ಚುಕಮ್ಮಿ ನಾವೆಲ್ಲ ಕ್ರೋಮೋಲಿ ಅನ್ನೋ 4130, ಅದರ ಗಟ್ಟಿತನ 700ರಿಂದ 900 ಮೆಗಾಪ್ಯಾಸ್ಕಲ್. 853 ಆದ್ರೆ 1250ರಿಂದ 1400. ಅದು ವೆಲ್ಡ್ ಮಾಡಿದ ಮೇಲೆ ಗಾಳೀಲಿ ತಣ್ಣಗಾಗ್ತಾ ಜಾಯಿಂಟ್ ಹತ್ರ ಇನ್ನೂ ಗಟ್ಟಿಯಾಗುತ್ತೆ, ಬೇರೆ ಸ್ಟೀಲ್ ಎಲ್ಲ ಅಲ್ಲೇ ಸ್ವಲ್ಪ ಸೋಲೋದು. ಇದನ್ನ ಕೇಳಿ ಅಪ್ಪ ಖುಷಿಯಾದ್ರು, ಒಳ್ಳೆ ಸ್ಟೀಲು ಅಂದ್ರು. ಆದ್ರೆ ಬಿಗಿತನ, ಅಂದ್ರೆ ಒತ್ತಿದ್ರೆ ಎಷ್ಟು ಬಗ್ಗುತ್ತೆ ಅನ್ನೋದು, ಎರಡಕ್ಕೂ ಸುಮಾರು 200 ಗಿಗಾಪ್ಯಾಸ್ಕಲ್ಲೇ. ಹಾಗಾಗಿ 853 ಸ್ಟಿಕ್ಕರ್ ಅಂಟಿಸಿದ್ದಕ್ಕೆ ಫ್ರೇಮ್ ತಾನಾಗೇ ಮೆತ್ತಗೂ ಆಗಲ್ಲ ಬಿಗಿನೂ ಆಗಲ್ಲ. ಗಟ್ಟಿ ಇರೋದ್ರಿಂದ ಗೋಡೆ ತೆಳು ಮಾಡಬಹುದು, ತೂಕ ಇಳಿಯುತ್ತೆ, ಅಷ್ಟೇ. ಒಂದು ಸ್ಟೀಲ್ ಹಾರ್ಡ್‌ಟೇಲ್ ಫ್ರೇಮ್ ಎರಡೂಕಾಲಿಂದ ಮೂರು ಕೆಜಿ ಇರುತ್ತೆ ಅಂದ್ಕೊಂಡ್ರೆ ಅದ್ರಲ್ಲಿ ಅರ್ಧ ಕೆಜಿ ಆಚೀಚೆ ಆಗಬಹುದು. ನಮ್ಮ ಕಡೆ ಗ್ರಾನೈಟ್ ಬಂಡೆ ಮೇಲೆ ಬೈಕ್ ಬಿದ್ರೆ ತೆಳು ಟ್ಯೂಬಿಗೆ ಗುಳಿ ಬೀಳೋದು ಬೇಗ, ಇದನ್ನೂ ತಕ್ಕಡೀಲಿ ಇಟ್ಟು ನೋಡ್ಬೇಕು.

ಇನ್ನು ಮೈಕೈ ನೋವಿನ ಮಾತು. ಬಿಗಿತನದಲ್ಲಿ ಅಲ್ಯೂಮಿನಿಯಂ ಸ್ಟೀಲಿನ ಮೂರನೇ ಒಂದು ಭಾಗ ಮಾತ್ರ, ಅದನ್ನ ಸರಿದೂಗಿಸೋಕೆ ದಪ್ಪ ದಪ್ಪ ಟ್ಯೂಬ್ ಹಾಕ್ತಾರೆ, ಗೋಡೆ ದಪ್ಪ ಅಷ್ಟೇ ಇದ್ದು ಟ್ಯೂಬ್ ಅಗಲ ಎರಡರಷ್ಟಾದ್ರೆ ಬಿಗಿತನ ಸುಮಾರು ಎಂಟರಷ್ಟಾಗುತ್ತೆ, ಹಾಗಾಗಿ ಅಲ್ಯೂಮಿನಿಯಂ ಫ್ರೇಮು ಸ್ಟೀಲಿಗಿಂತ ಬಿಗಿಯಾಗೇ ಬರುತ್ತೆ, ಸ್ಟೀಲಿನ ಸಣ್ಣ ಟ್ಯೂಬು ಒಂದಿಷ್ಟು ಅಲುಗಾಡುತ್ತೆ. ಇದು ನಿಜ. ಆದ್ರೆ ಮೇಲೆ ಕೆಳಗೆ ಕುಲುಕೋ ವಿಷ್ಯಕ್ಕೆ ಬಂದ್ರೆ ಫ್ರೇಮಿನ ಹಿಂದಿನ ತ್ರಿಕೋನ ಬಗ್ಗೋದು ತೀರಾ ಕಮ್ಮಿ, 2.4 ಇಂಚಿನ ಟಯರ್‌ನಲ್ಲಿ ಎರಡು ಪಿಎಸ್‌ಐ ಗಾಳಿ ಇಳಿಸಿದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತೆ. ಬರೀ ಆರಾಮಕ್ಕೆ ಅಂತ ಸ್ಟೀಲ್ ತಗೋಬೇಕು ಅನ್ನೋರಿಗೆ ನಾನು ಹೇಳೋದು, ಮೊದ್ಲು ಅಗಲದ ಟಯರ್ ಹಾಕಿ ಟ್ಯೂಬ್‌ಲೆಸ್ ಮಾಡಿಸಿ ನೋಡಿ.

ಮತ್ತೆ ನನಗೆ ಸ್ಟೀಲ್ ಯಾಕೆ ಬೇಕು? ನನಗೆ ಸಣ್ಣ ಟ್ಯೂಬಿನ ಬೈಕು ಕಣ್ಣಿಗೆ ಹಿಡಿಸುತ್ತೆ, ಇದನ್ನ ಮೊದ್ಲೇ ಹೇಳಿಬಿಡ್ತೀನಿ. 1977ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟೀಲಿ ಜೋ ಬ್ರೀಜ್ ಕಟ್ಟಿದ ಮೊದಲನೇ ಬ್ರೀಜರ್ ಕ್ರೋಮೋಲಿದೇ, 1981ರ ಸ್ಪೆಷಲೈಜ್ಡ್ ಸ್ಟಂಪ್‌ಜಂಪರ್ರೂ ಸ್ಟೀಲೇ, ಮೌಂಟನ್ ಬೈಕ್ ಹುಟ್ಟಿದ್ದೇ ಈ ಲೋಹದಲ್ಲಿ. ಎರಡನೇ ಕಾರಣ ರಿಪೇರಿ. ಸ್ಟೀಲಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಒತ್ತಡ ಎಷ್ಟು ಸಲ ಬಿದ್ರೂ ದಣಿವು ಅಂತ ಆಗಲ್ಲ. ಅಲ್ಯೂಮಿನಿಯಂಗೆ ಆ ತರದ ಮಿತಿ ಇಲ್ಲ. ಹಾಗಂತ ಸ್ಟೀಲ್ ಮುರಿಯಲ್ಲ ಅಂತಲ್ಲ. ಬಿರುಕು ಬಿಟ್ರೆ ಸಾಮಾನ್ಯವಾಗಿ ವೆಲ್ಡ್ ಪಕ್ಕದಲ್ಲೇ ಬಿಡುತ್ತೆ, ಆದ್ರೆ ಅದನ್ನ ಸರಿ ಮಾಡಿಸಬಹುದು. ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡ್ ಹಾಕಿದ್ರೆ ಮತ್ತೆ ಶಾಖ ಕೊಟ್ಟು ಹದ ಮಾಡ್ಬೇಕು, ಅದು ಬೀದಿ ಕೆಲಸ ಅಲ್ಲ. ಕ್ರೋಮೋಲಿಗೆ ಪೀಣ್ಯದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡೋರು ಸಿಗ್ತಾರೆ, ಹಿತ್ತಾಳೆ ಬ್ರೇಜಿಂಗ್ ಮಾಡೋ ಹಳೇ ಕೈಗಳೂ ಸಿಗ್ತಾರೆ. ಅಪ್ಪ ಇದಕ್ಕೂ ಒಂದು ಎಚ್ಚರಿಕೆ ಸೇರಿಸಿದ್ರು: "ಗೇಟು ಗ್ರಿಲ್ಲು ಮಾಡೋರ ಹತ್ರ ಮಾತ್ರ ಕೊಡಬೇಡ. ಅರ್ಧ ಮಿಲಿಮೀಟರ್ ಗೋಡೆ, ರಾಡ್ ಇಟ್ಟ ತಕ್ಷಣ ತೂತು ಬೀಳುತ್ತೆ."

ಈಗ ಅಸಲು ವಿಷ್ಯ, ಜಿಯೋಮೆಟ್ರಿ, ಅಂದ್ರೆ ಫ್ರೇಮಿನ ಕೋನ, ಅಳತೆಗಳು. ಫ್ರೇಮ್ ಚಾರ್ಟ್ ನೋಡುವಾಗ ಎಲ್ರೂ ಹೆಡ್ ಆಂಗಲ್ (ಫೋರ್ಕ್ ನಿಂತಿರೋ ಕೋನ, ಕಮ್ಮಿಯಾದಷ್ಟೂ ಮುಂದಿನ ಚಕ್ರ ದೂರ) ಎಷ್ಟು, ರೀಚ್ (ಪೆಡಲ್ ಜಾಗದಿಂದ ಹ್ಯಾಂಡಲ್ ಕಡೆಗೆ ಫ್ರೇಮಿನ ಉದ್ದ) ಎಷ್ಟು ಅಂತ ನೋಡಿ ಫುಲ್ ಸಸ್ಪೆನ್ಷನ್ ಬೈಕಿನ ಜೊತೆ ಹೋಲಿಸ್ತಾರೆ. ಹೋಲಿಸೋಕೇ ಬರಲ್ಲ. ಫುಲ್ ಸಸ್ಪೆನ್ಷನ್ ಬೈಕ್ ಮೇಲೆ ಕೂತ್ರೆ ಹಿಂದೂ ಮುಂದೂ ಎರಡೂ ತಗ್ಗುತ್ತೆ, ಕೋನ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ತಗ್ಗುತ್ತೆ, ಇಡೀ ಫ್ರೇಮ್ ಹಿಂದಿನ ಆಕ್ಸಲ್ ಸುತ್ತ ಮುಂದಕ್ಕೆ ವಾಲುತ್ತೆ. ನನ್ನ 120 ಮಿ.ಮೀ. ಫೋರ್ಕಲ್ಲಿ ಸ್ಯಾಗ್, ಅಂದ್ರೆ ಮೇಲೆ ಕೂತಾಗ ತಗ್ಗೋದು, ಕಾಲು ಭಾಗ ಅಂದ್ರೆ 30 ಮಿ.ಮೀ. ಮುಂದಿನ ಎತ್ತರ 20 ಮಿ.ಮೀ. ಇಳಿದ್ರೆ ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತೆ, ಹಾಗಾದ್ರೆ ಒಂದೂವರೆ ಡಿಗ್ರಿ. ಸೀಟ್ ಟ್ಯೂಬೂ ಅಷ್ಟೇ ನೆಟ್ಟಗಾಗುತ್ತೆ, ಹತ್ತೋವಾಗ ಅದು ಒಳ್ಳೇದೇ. ಪೆಡಲಿನ ಅಚ್ಚು ಕೂರೋ ಬಾಟಮ್ ಬ್ರಾಕೆಟ್ ಒಂದು ಸೆಂಟಿಮೀಟರ್ ಹತ್ರ ಕೆಳಗೆ ಬರುತ್ತೆ. ರೀಚ್ ಮಾತ್ರ 15, 16 ಮಿ.ಮೀ. ಉದ್ದ ಆಗುತ್ತೆ, ನನ್ನ ಎತ್ತರಕ್ಕೆ ಅದು ಹತ್ರಹತ್ರ ಒಂದು ಸೈಜಿನ ವ್ಯತ್ಯಾಸ! ಚಾರ್ಟಲ್ಲಿ ಬರೆದಿರೋದು ಫೋರ್ಕ್ ಪೂರ್ತಿ ಎದ್ದು ನಿಂತಾಗಿನ ಅಳತೇನಾ, ಮನುಷ್ಯ ಕೂತ ಮೇಲಿನದ್ದಾ ಅಂತ ಕೇಳದೆ ಯಾರೂ ಹಾರ್ಡ್‌ಟೇಲ್ ತಗೋಬಾರದು ಅನ್ನೋಷ್ಟು ಗಟ್ಟಿಯಾಗಿ ನಂಬ್ತೀನಿ. ಟ್ಯೂಬಿನ ಸ್ಟಿಕ್ಕರ್‌ಗಿಂತ ಈ ಒಂದು ಪ್ರಶ್ನೆ ದೊಡ್ಡದು.

ನಾನು ನೋಡಿದ ಫ್ರೇಮುಗಳ ಪಟ್ಟೀಲಿ ಕೋನಾ ಅನ್ನೋ ಕಂಪನಿಯ ಹೊಂಜೊ ಇಎಸ್‌ಡಿ ಇತ್ತು. ಹೆಡ್ ಆಂಗಲ್ 63 ಡಿಗ್ರಿ, 150 ಮಿ.ಮೀ. ಫೋರ್ಕಿಗೆ ಕಟ್ಟಿದ್ದು. ಕಡಿದಾದ ಇಳಿಜಾರಿನ ಬೈಕು ಅದು, ಅದನ್ನ ಓಡಿಸೋ ಜಾಗ ಇರೋರಿಗೆ ಬಿಟ್ಟುಬಿಡ್ತೀನಿ. ನಾನು ಓಡಿಸೋದು ತುರಹಳ್ಳಿ, ಅವಲಹಳ್ಳಿ ಬಂಡೆಗಳಲ್ಲಿ, ನಿಧಾನಕ್ಕೆ ಹತ್ತು, ತಿರುಗು, ಇಳಿ, ಮತ್ತೆ ಹತ್ತು. ರಜೆ ಸಿಕ್ರೆ ಸಕಲೇಶಪುರ, ಮೂಡಿಗೆರೆ ಕಡೆ ತೋಟದ ದಾರಿ. ಅಲ್ಲಿ ಮುಂದಿನ ಚಕ್ರ ಅಷ್ಟು ದೂರ ಹೋದ್ರೆ ತಿರುವಲ್ಲಿ ತೂಗಾಡುತ್ತೆ.

ಪೆರುವಿನ ಲಿಮಾದಲ್ಲಿರೋ ಮರಿನೋದೋರು ನಾವು ಹೇಳಿದ ಅಳತೆಗೇ ಕ್ರೋಮೋಲಿ ಫ್ರೇಮ್ ಮಾಡಿಕೊಡ್ತಾರೆ. ನನ್ನಂತ ಎತ್ತರದವರಿಗೆ ಇದಕ್ಕಿಂತ ಒಳ್ಳೇದು ಇನ್ನೇನು ಅಂತ ತುಂಬ ದಿನ ಆಸೆ ಇತ್ತು. ಆದ್ರೆ ಅಳತೆ ಕೊಡೋದಕ್ಕೆ ನನಗೆ ಸರಿಹೋಗೋ ಒಂದು ಬೈಕನ್ನಾದ್ರೂ ನಾನು ವರ್ಷಗಟ್ಲೆ ಓಡಿಸಿರ್ಬೇಕಲ್ವಾ. ಅದು ಮುಂದಿನ ಫ್ರೇಮಿಗೆ ಇರ್ಲಿ.

ಕೊನೇಲಿ ಉಳಿದಿದ್ದು ಎರಡೇ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟಿನ ಕೋಟಿಕ್ ಕಂಪನಿಯ ಸೊಲಾರಿಸ್‌ಮ್ಯಾಕ್ಸ್, ಮತ್ತೆ ಮಿನ್ನೆಸೋಟದ ಸರ್ಲಿ. ಕೋಟಿಕ್ ನೋಡಿದ್ರೆ ಮನಸ್ಸು ಕರಗುತ್ತೆ. 853 ಟ್ಯೂಬು, ಮೇಲಿನ ಟ್ಯೂಬನ್ನ ಅಡ್ಡಕ್ಕೆ ಚಪ್ಪಟೆ ಮಾಡಿರ್ತಾರೆ, ಪಕ್ಕಕ್ಕೆ ತಿರುಚಿಕೊಳ್ಳಬಾರದು ಅಂತ. ಎಲ್ಲಾದ್ರಲ್ಲೂ ಯೋಚನೆ ಮಾಡಿ ಕಟ್ಟಿರೋ ಫ್ರೇಮ್. ಆದ್ರೆ ಹಿಂದೆ 148 ಮಿ.ಮೀ. ಅಗಲದ ಹಬ್ಬೇ ಬೇಕು, ಬೂಸ್ಟ್ ಅಂತಾರೆ, ನನ್ನ ಹಬ್ 142. ಅಂದ್ರೆ ಹೊಸ ಹಬ್, ಹೊಸ ಕಡ್ಡಿ, ಚಕ್ರ ಮತ್ತೆ ಕಟ್ಟಿಸೋದು, ಅದರ ಮೇಲೆ ಕಸ್ಟಮ್ಸು ಜಿಎಸ್‌ಟಿ.

ಸರ್ಲಿಯೋರು ಮಾಡಿರೋ ಕೆಲಸ ನನಗೆ ತುಂಬ ಇಷ್ಟ ಆಗಿದ್ದು ಇಲ್ಲೇ. ಹಿಂದಿನ ಅಗಲ 145 ಮಿ.ಮೀ. ಇಟ್ಟಿದಾರೆ. 142 ಹಬ್ ಹಾಕಿದ್ರೆ ಎರಡೂ ಕಡೆ ಒಂದೂವರೆ ಮಿ.ಮೀ. ಒಳಕ್ಕೆ ಬಗ್ಗುತ್ತೆ, 148 ಹಾಕಿದ್ರೆ ಅಷ್ಟೇ ಹೊರಕ್ಕೆ. ಅಷ್ಟು ಬಗ್ಗಿದ್ರೂ ಸ್ಟೀಲಿಗೆ ಏನೂ ಆಗಲ್ಲ. ಅಪ್ಪಂಗೆ ಇದನ್ನ ಹೇಳಿದಾಗ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು "ಇದಪ್ಪಾ ಲೋಹ ಗೊತ್ತಿರೋನು ಮಾಡಿರೋದು" ಅಂದ್ರು. ಸ್ಟೀಲ್ ಸ್ಟೀಲಾಗಿರೋದಕ್ಕೆ ಸಿಗೋ ನಿಜವಾದ ಲಾಭ ಇದು, ಇವತ್ತು ಹಳೇ ಚಕ್ರ, ನಾಳೆ ದುಡ್ಡಾದಾಗ ಹೊಸದು, ಫ್ರೇಮ್ ಅದೇ.

ಇನ್ನೂ ಇದೆ. ಬಾಟಮ್ ಬ್ರಾಕೆಟ್ 73 ಮಿ.ಮೀ. ಥ್ರೆಡ್ ಇರೋದು, ಯಾವ ಅಂಗಡೀಲಾದ್ರೂ ಟೂಲ್ ಸಿಗುತ್ತೆ, ಥ್ರೆಡ್ ಇಲ್ಲದೆ ಒತ್ತಿ ಕೂರಿಸೋ, ಧೂಳಲ್ಲಿ ಕಿರಕಿರ ಅನ್ನೋ ಪ್ರೆಸ್‌ಫಿಟ್ ತಲೆನೋವಿಲ್ಲ. ಹೆಡ್ ಆಂಗಲ್ 69 ಡಿಗ್ರಿ. ಹಳೇ ಕಾಲದ್ದು ಅಂತ ಮೂಗು ಮುರಿಯೋರಿದಾರೆ, ಆದ್ರೆ ಅದು ಸರ್ಲಿಯೋರ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕಿನ ಲೆಕ್ಕ, ಅದರ ಎತ್ತರ 483 ಮಿ.ಮೀ., ನನ್ನ 120 ಫೋರ್ಕ್ 30 ಮಿ.ಮೀ. ಕೂತ ಮೇಲೆ ಹೆಚ್ಚುಕಮ್ಮಿ ಅಷ್ಟಕ್ಕೇ ಬರುತ್ತೆ. ಅಂದ್ರೆ ಆ 69 ನಾನು ಮೇಲೆ ಕೂತಾಗಿನ ಸಂಖ್ಯೆ, ಫೋರ್ಕ್ ಪೂರ್ತಿ ಎದ್ದು ನಿಂತಾಗ ಅಳೆದ ಬೇರೆ ಕಂಪನಿಯವರ 67.5ರ ಪಕ್ಕ ಇಟ್ಟು ನೋಡ್ಬೇಕಾದ್ದು. ಮೇಲಾಗಿ ಫೋರ್ಕ್ ತೂರೋ ಹೆಡ್ ಟ್ಯೂಬ್ 44 ಮಿ.ಮೀ. ನೇರ ಇರೋದ್ರಿಂದ ನನ್ನ ಟೇಪರ್ (ಕೆಳಗೆ ದಪ್ಪ ಆಗೋ) ಫೋರ್ಕಿಗೆ ಕೆಳಗಿನ ಬೇರಿಂಗ್ ಕಪ್ ಹೊರಗಡೆ ಕೂರೋ ಹೆಡ್‌ಸೆಟ್ ಬೇಕು, ಆ ಕಪ್ಪೇ ಹತ್ತು ಹನ್ನೆರಡು ಮಿ.ಮೀ. ಮುಂದೆ ಎತ್ತುತ್ತೆ, ಅರ್ಧ ಡಿಗ್ರಿ ಹಿಂದಕ್ಕೆ ವಾಲುತ್ತೆ. ನನ್ನ ದಾರಿಗಳಿಗೆ ಸರಿಯಾಗಿದೆ. ಹ್ಯಾಂಡಲ್ ಹಿಡಿಯೋ ಸ್ಟೆಮ್ 40 ಮಿ.ಮೀ.ದು ಇದೆ, ಅದನ್ನೇ ಹಾಕ್ತೀನಿ.

ತೂಕ ಜಾಸ್ತಿ ಅನ್ನೋದು ನಿಜ, ಹಳೇ ಅಲ್ಯೂಮಿನಿಯಂ ಫ್ರೇಮಿಗಿಂತ ಮುಕ್ಕಾಲು ಕೆಜಿಯಾದ್ರೂ ಜಾಸ್ತಿ ಬರುತ್ತೆ. ಒಪ್ಪಿಕೊಂಡೇ ತಗೊಂಡಿದೀನಿ.

ತುಕ್ಕಿನ ಬಗ್ಗೆ ಎಲ್ರೂ ಹೆದರಿಸ್ತಾರೆ. ಮಲೆನಾಡಿನ ಮಳೇಲಿ ಹುಟ್ಟಿ ಬೆಳೆದೋಳಿಗೆ ತುಕ್ಕು ಅಂದ್ರೇನು ಅಂತ ಚೆನ್ನಾಗಿ ಗೊತ್ತು. ಹೊರಗಡೆ ಬಣ್ಣ ಹೋದ ಕಡೆ ಕಾಣೋ ತುಕ್ಕಿಂದ ಭಯ ಇಲ್ಲ, ಒರೆಸಿ ಬಣ್ಣ ಹಚ್ಚಿದ್ರೆ ಆಯ್ತು. ಸೀಟ್ ಪೋಸ್ಟ್ ಪಕ್ಕದಿಂದ ನೀರು ಒಳಗಿಳಿದು ಬಾಟಮ್ ಬ್ರಾಕೆಟ್ ಹತ್ರ ನಿಲ್ಲುತ್ತಲ್ಲ, ತಿನ್ನೋದು ಅದು. ಹಾಗಾಗಿ ಬಿಡಿಭಾಗ ಹಾಕೋಕ್ಮುಂಚೆ ಎಲ್ಲಾ ಟ್ಯೂಬಿನ ಒಳಗೂ ಲಿನ್ಸೀಡ್ ಆಯಿಲ್ (ಅಗಸೆ ಎಣ್ಣೆ) ಸುರಿದು, ಫ್ರೇಮನ್ನ ಎಲ್ಲಾ ಕಡೆ ತಿರುಗಿಸಿ, ಮಿಕ್ಕಿದ್ದನ್ನ ಸೋರಿಸಿ ಒಣಗೋಕೆ ಬಿಡ್ಬೇಕು. ಪೇಂಟ್ ಅಂಗಡೀಲಿ ಮರಕ್ಕೆ ಹಚ್ಚೋಕೆ ಕೊಡೋ ಕಾಯಿಸಿದ ಎಣ್ಣೇನೇ ಸಾಕು, ಹಸಿ ಎಣ್ಣೆ ಆದ್ರೆ ಒಣಗೋಕೆ ಇನ್ನೂ ತುಂಬ ದಿನ ಹಿಡಿಯುತ್ತೆ. ಈ ಥಂಡೀಲಿ ಒಣಗೋಕೆ ವಾರಕ್ಕಿಂತ ಜಾಸ್ತಿನೇ ಹಿಡಿಯಬಹುದು ಅಂತಾರೆ ಅಪ್ಪ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ, ಬಿಡಿಸಿ ತಂತಿ ಮೇಲೆ ಹರವು ಅಂತನೂ ಹೇಳಿದ್ರು. ವರ್ಷಕ್ಕೊಂದ್ಸಲ ಮಳೆಗಾಲ ಮುಗಿದ ಮೇಲೆ ಸೀಟ್ ಪೋಸ್ಟ್ ತೆಗೆದು ಬೈಕ್ ತಲೆಕೆಳಗೆ ನಿಲ್ಲಿಸೋದು, ಗ್ರೀಸ್ ಹಚ್ಚಿ ವಾಪಸ್ ಹಾಕೋದು.

ಅಂಗಡಿಯವರು ಫ್ರೇಮ್ ಬರೋಕೆ ಒಂದೆರಡು ತಿಂಗಳು ಅಂದಿದಾರೆ. ಅಷ್ಟರಲ್ಲಿ ಹೆಡ್‌ಸೆಟ್ ತರಿಸ್ಬೇಕು, ಸೀಟ್ ಪೋಸ್ಟ್ ಅಳತೆ ಅವರ ಹತ್ರ ಖಚಿತ ಮಾಡ್ಕೋಬೇಕು, ಹಿಂದಿನ ಹಬ್ಬಿನ ಬೇರಿಂಗ್ ಬದಲಾಯಿಸ್ಬೇಕು. ಅಪ್ಪ ಮುಂದಿನ ವಾರ ಊರಿಗೆ ಹೋಗೋರು, ಫ್ರೇಮ್ ಬಂದ ದಿನ ಫೋನ್ ಮಾಡು, ವೆಲ್ಡ್ ನೋಡೋಕೆ ಬರ್ತೀನಿ ಅಂದಿದಾರೆ.