ಎರಡು ಹಸಿರು ಬಿಲ್ಲೆಗಳು

ಉಡುಪಿಯ ಮನೆಯ ಅಟ್ಟವನ್ನು ಗುಡಿಸುವಾಗ, ಪರ್ಯಾಯದ ವೇಳೆ ಅಜ್ಜ ರಥಬೀದಿಯಿಂದ ತಂದುಕೊಟ್ಟಿದ್ದ, ಕಾಮಿಕ್ಸಿನ ಫ್ಯಾಂಟಮ್ ಕಾಡಿನ ನಡುವೆ ನಿಂತ ಚಿತ್ರವನ್ನು, ಒಂದೇ ಖಾಲಿ ಜಾಗವಿರುವ ಚೌಕಟ್ಟಿನೊಳಗೆ ಬಿಲ್ಲೆಗಳನ್ನು ಸರಿಸಿ ಕೂಡಿಸುವ ಆಟ ಇಂದು ಸಿಕ್ಕಿತು. ಒಂದು ತೊಟ್ಟು ತೆಂಗಿನೆಣ್ಣೆ ಬಿಟ್ಟೊಡನೆ 15 ಬಿಲ್ಲೆಗಳೂ ಹಿಂದಿನಂತೆಯೇ ಟಕಟಕನೆ ಜಾರಿದವು. ಚಿಕ್ಕಂದಿನಲ್ಲಿ ಕಳಚಿಬಿದ್ದ ಬಿಲ್ಲೆಗಳನ್ನು ತೋಚಿದಂತೆ ಸಿಕ್ಕಿಸಿದ ಮೇಲೆ, ಎಷ್ಟು ಸರಿಸಿದರೂ ಕೊನೆಯ ಸಾಲಿನ ಎರಡು ಬಿಲ್ಲೆಗಳು ಹಿಂದುಮುಂದಾಗಿಯೇ ಉಳಿಯುತ್ತಿದ್ದವು. ಇಂತಹ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು ಬರೀ ಸರಿಸಿ ಬಿಡಿಸಲಾಗದೆಂದು ಗಣಿತಜ್ಞರು 1879ರಲ್ಲೇ ಸಾಧಿಸಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆದರೆ ನನ್ನ ಚಿತ್ರದಲ್ಲಿ ಎರಡು ಬಿಲ್ಲೆಗಳು ಗುರುತೇ ಇಲ್ಲದ ಅಚ್ಚ ಹಸಿರು; ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಚಿತ್ರ ಬದಲಾಗದು. ಅವೆರಡರ ಜಾಗವನ್ನು ಪರಸ್ಪರ ಬದಲಿಸಿಕೊಂಡು ಜೋಡಿಸುತ್ತ ಹೋದಾಗ, ಇಷ್ಟು ವರ್ಷ ಕೂಡದಿದ್ದ ಚಿತ್ರ ಇಂದು ಕೂಡಿತು. ಅಜ್ಜ ಇದ್ದಿದ್ದರೆ ಮೊದಲು ಅವರಿಗೇ ತೋರಿಸುತ್ತಿದ್ದೆ.